ಬೆಸುಗೆ ಕಲಿಯುವವರ ಮೊದಲ ಪೆಟ್ಟಿಗೆ: ನೀಲಗಿರಿಯಲ್ಲಿ ನಿಂತು ಒಂದು ಸಮೀಕ್ಷೆ

ಎಲೆಕ್ಟ್ರಾನಿಕ್ಸ್ ಕಲಿಯಹೊರಟವರು ಮೊದಲು ಕೇಳುವುದು ‘ಯಾವ ಸೋಲ್ಡರಿಂಗ್ ಐರನ್ ಕೊಳ್ಳಲಿ’ ಎಂದು. ಉತ್ತರ ಹೇಳುವವರಿಗೆ ಕೊರತೆಯಿಲ್ಲ. ರೇಡಿಯೋ ರಿಪೇರಿಯಲ್ಲಿ ಕೂದಲು ನರೆತವರು ‘ಇಪ್ಪತ್ತೈದು ವಾಟಿನ ಸಾದಾ ಐರನ್ ಸಾಕು, ಮೊದಲು ಕೈ ಪಳಗಲಿ’ ಎನ್ನುತ್ತಾರೆ. ಎಂಜಿನಿಯರಿಂಗ್ ಓದಿ ಬಂದವರು ‘ಶಾಖ ಹಿಡಿತದಲ್ಲಿರದ ಐರನ್ ಮುಟ್ಟಲೇಬೇಡಿ’ ಎನ್ನುತ್ತಾರೆ. ಈಗಿನ ಹುಡುಗರು ಜೇಬಿನಿಂದ ಪೆನ್ನಿನಂಥ ಯುಎಸ್‌ಬಿ ಐರನ್ ತೆಗೆದು ತೋರಿಸುತ್ತಾರೆ. ಸೋಲ್ಡರ್ ತಂತಿಯಲ್ಲಿ ಸೀಸ ಇರಬೇಕೆ, ಬೇಡವೆ ಎಂಬ ಹಳೆಯ ಜಗಳ ಇದರ ಪಕ್ಕದಲ್ಲೇ ನಡೆದಿದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಚೆನ್ನೈನ ರಿಚಿ ಸ್ಟ್ರೀಟಿನಲ್ಲೋ ನಿಂತರೆ ಈ ವಾದಗಳು ಬರೀ ರುಚಿಯ ವಿಷಯದಂತೆ ಕಾಣಬಹುದು. ಅಲ್ಲಿ ಒಂದು ಕೆಟ್ಟರೆ ಪಕ್ಕದ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಉದಕಮಂಡಲ, ಗೂಡಲೂರು, ಮಸಿನಗುಡಿಗಳಲ್ಲಿ ಕುಳಿತವರಿಗೆ ಹಾಗಲ್ಲ. ಇಲ್ಲಿ ಸಾಲಿನ ಕೊನೆಯ ಮನೆಗೆ ಬರುವ ವೋಲ್ಟೇಜ್ ಸಂಜೆಯಾದರೆ ಕುಸಿಯುತ್ತದೆ. ಮುಂಗಾರಿನಲ್ಲಿ ಗೋಡೆಯೇ ಬೆವರುತ್ತದೆ. ಕೆಟ್ಟ ಟಿಪ್ ಬದಲಿಸಲು ಕೊಯಮತ್ತೂರಿಗೆ ಘಟ್ಟ ಇಳಿಯಬೇಕು, ಇಲ್ಲವೆ ಬಂಡೀಪುರದ ಕಾಡು ದಾಟಿ ಮೈಸೂರಿಗೆ ಹೋಗಬೇಕು. ಆ ಹಾದಿಯೂ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಮುಚ್ಚಿರುತ್ತದೆ. ಈ ಮೂರು ಸಂಗತಿಗಳನ್ನು ಎದುರಿಗಿಟ್ಟುಕೊಂಡರೆ ಹಳೆಯ ವಾದಗಳ ತೂಕವೇ ಬದಲಾಗುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಐರನ್ನಿನ ಬಗ್ಗೆ ನಾವು ಆಡುವ ಮಾತು ಹೆಚ್ಚು, ತಂತಿ ಮತ್ತು ಫ್ಲಕ್ಸಿನ ಬಗ್ಗೆ ಆಡುವುದು ತೀರಾ ಕಡಿಮೆ. ಹೊಸಬರ ಸೋಲುಗಳಲ್ಲಿ ದೊಡ್ಡ ಪಾಲು ಇವೆರಡರಿಂದಲೇ ಬರುತ್ತದೆ.

ಈ ಬೆಟ್ಟಕ್ಕೆ ಬೆಸುಗೆ ಹೊಸದಲ್ಲ

ನೀಲಗಿರಿ ಎಂದರೆ ಚಹಾ, ಹೂವಿನ ಪ್ರದರ್ಶನ, ಪುಟಾಣಿ ರೈಲು ಎಂದು ನೆನೆಯುವವರು ಊಟಿ, ಅಂದರೆ ಉದಕಮಂಡಲದ, ಬಳಿಯ ಮುತ್ತೋರೈಯ ಇಳಿಜಾರನ್ನು ಮರೆಯುತ್ತಾರೆ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅಲ್ಲಿ ಕಟ್ಟಿದ ರೇಡಿಯೋ ದೂರದರ್ಶಕ 1970ರಲ್ಲಿ ಸಿದ್ಧವಾಯಿತು. ಉದ್ದ 530 ಮೀಟರ್, ಅಗಲ 30 ಮೀಟರ್. ಇಳಿಜಾರಿನ ಕೋನ ಆ ಜಾಗದ ಅಕ್ಷಾಂಶದಷ್ಟೇ, ಅಂದರೆ ಸುಮಾರು ಹನ್ನೊಂದು ಡಿಗ್ರಿ, ಇರುವುದರಿಂದ ದೂರದರ್ಶಕದ ಅಕ್ಷ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಂತಿದೆ. ಒಂದೇ ದಿಕ್ಕಿನಲ್ಲಿ ತಿರುಗಿಸಿದರೆ ಸಾಕು, ಗಂಟೆಗಟ್ಟಲೆ ಒಂದು ಆಕಾಶಕಾಯದ ಬೆನ್ನು ಹತ್ತಬಹುದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಅದರ ನಾಭಿರೇಖೆಯ ಉದ್ದಕ್ಕೂ ಸಾಲಾಗಿ ಕೂತ 1056 ಡೈಪೋಲ್‌ಗಳು. 1990ರ ದಶಕದ ಆರಂಭದಲ್ಲಿ ಪ್ರತಿ ಡೈಪೋಲಿನ ಬೆನ್ನಿಗೂ ಒಂದೊಂದು ಕಡಿಮೆ ಗದ್ದಲದ ಆಂಪ್ಲಿಫೈಯರ್ ಜೋಡಿಸಿದರು. 1056 ಡೈಪೋಲಿಗೆ 1056 ಆಂಪ್ಲಿಫೈಯರ್. ದೂರದರ್ಶಕದ ಸೂಕ್ಷ್ಮತೆ ಅದರಿಂದ ಏರಿತು. 326.5 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಸರ್ಕ್ಯೂಟಿನಲ್ಲಿ ಒಂದು ಸಡಿಲ ಬೆಸುಗೆ ಎಂದರೆ ನಕ್ಷತ್ರದ ಸಂಕೇತಕ್ಕೆ ಬೆರೆತ ಕೊರೆತ. ಆ ಮಂಜು, ಆ ಮಳೆ, ಆ ಚಳಿಗಾಲದ ಹಿಮಬೆಳಗುಗಳಲ್ಲಿ ಬಯಲಲ್ಲೇ ನಿಲ್ಲಬೇಕಾದ ಬೆಸುಗೆಗಳು ಅವು. ಅದೇ ಊಟಿಯಲ್ಲಿ ಗ್ರೇಪ್ಸ್-3 ಎಂಬ ವಿಶ್ವಕಿರಣ ಪ್ರಯೋಗವೂ ನಡೆದಿದೆ: ಸುಮಾರು 400 ಸಿಂಟಿಲೇಟರ್ ಪತ್ತೆಕಾರಕಗಳು, 3712 ಪ್ರಪೋರ್ಷನಲ್ ಕೌಂಟರ್‌ಗಳು, ಅವುಗಳ ಹಿಂದೆ ಅಷ್ಟೇ ಎಲೆಕ್ಟ್ರಾನಿಕ್ಸ್. ಬೆಟ್ಟದ ತೇವದಲ್ಲಿ ಬಾಳುವ ಬೆಸುಗೆ ಸಾಧ್ಯವೇ ಎಂಬ ಅನುಮಾನ ಯಾರಿಗೂ ಇರಬೇಕಿಲ್ಲ. ಆ ಗುಣ ಮನೆಯ ಮೇಜಿನ ಮೇಲೆ, ಕಡಿಮೆ ದುಡ್ಡಿನಲ್ಲಿ ಎಷ್ಟು ದಕ್ಕುತ್ತದೆ ಎಂಬುದು ಪ್ರಶ್ನೆ.

ಮನೆಯ ಮೇಜಿಗೆ ಬರುವ ಕೆಲಸವೂ ಇಲ್ಲಿ ಬೇರೆಯೇ. ಗೂಡಲೂರಿನಲ್ಲಿ ಮಳೆಗೆ ಕೆಟ್ಟ ಇನ್ವರ್ಟರ್, ಮಸಿನಗುಡಿಯಲ್ಲಿ ಆನೆ ಬೇಲಿಯ ಎನರ್ಜೈಸರ್, ಹಟ್ಟಿಗಳಲ್ಲಿ ಸೌರದೀಪ, ಎಲ್ಲೆಡೆ ಎಲ್‌ಇಡಿ ಬಲ್ಬು. ಒಂದು ಎಚ್ಚರಿಕೆ: ಬೇಲಿಯ ಎನರ್ಜೈಸರ್ ಹೊಸಬರು ಬಿಚ್ಚುವ ವಸ್ತುವಲ್ಲ. ಬ್ಯಾಟರಿ ಕಳಚಿದ ಮೇಲೂ ಅದರ ಕೆಪಾಸಿಟರ್ ಸಾವಿರಾರು ವೋಲ್ಟಿನ ಹೊಡೆತಕ್ಕೆ ಬೇಕಾದ ಶಕ್ತಿಯನ್ನು ಹಿಡಿದಿಟ್ಟುಕೊಂಡಿರಬಹುದು.

ತಾಮ್ರದ ಮೂತಿಯಿಂದ ಸೆನ್ಸರಿನವರೆಗೆ

ಕರೆಂಟಿನಿಂದ ಕಾಯುವ ಐರನ್ ಕಾರ್ಖಾನೆಗಳಿಗೆ ಬಂದು ನೂರು ವರ್ಷ ಕಳೆದಿದೆ. ಜರ್ಮನಿಯ ಅರ್ನ್ಸ್ಟ್ ಸ್ಯಾಕ್ಸ್ 1921ರಲ್ಲಿ ಕಟ್ಟಿದ ಎರ್ಸಾ ಕಂಪನಿ ಇವತ್ತಿಗೂ ಇದೆ. ಅಮೆರಿಕದ ಕಾರ್ಲ್ ವೆಲ್ಲರ್ ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಕಾಯುವ ಸೋಲ್ಡರಿಂಗ್ ಗನ್ ರೂಪಿಸಿ 1946ರಲ್ಲಿ ಪೇಟೆಂಟ್ ಪಡೆದರು. ಆ ಕಾಲದ ಐರನ್ನಿನ ಮೂತಿ ಬರಿ ತಾಮ್ರ. ಕರಗಿದ ತವರ ತಾಮ್ರವನ್ನು ತಿನ್ನುತ್ತದೆ. ಕೆಲಸ ಮಾಡಿದಷ್ಟೂ ಮೂತಿಯಲ್ಲಿ ಗುಳಿ ಬೀಳುತ್ತದೆ. ಆದ್ದರಿಂದ ಅರದಿಂದ ಉಜ್ಜಿ ಹೊಸ ಮುಖ ತೆಗೆಯುವುದು ರಿಪೇರಿಯವರ ದಿನಚರಿಯೇ ಆಗಿತ್ತು. ನಂತರ ತಾಮ್ರದ ಮೇಲೆ ಕಬ್ಬಿಣದ ಲೇಪ ಬಂದು ಟಿಪ್‌ನ ಆಯುಷ್ಯ ಹೆಚ್ಚಿತು. ಅಂಥ ಟಿಪ್ಪಿಗೆ ಅರ ಹಾಕಿದರೆ ಲೇಪ ಹೋಗಿ ಕೆಲವೇ ದಿನಗಳಲ್ಲಿ ಅದು ಹಾಳು. ಹಿರಿಯರ ಉಪದೇಶ ಕಿರಿಯರ ಸಲಕರಣೆಯನ್ನು ಕೆಡಿಸುವುದು ಹೀಗೆ: ಉಪದೇಶ ಸರಿ, ಆದರೆ ಅದು ಬೇರೆ ಟಿಪ್ಪಿಗೆ ಹೇಳಿದ್ದು.

ಶಾಖವನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ ಪ್ರಯತ್ನಗಳಲ್ಲಿ ನನಗೆ ತುಂಬ ಇಷ್ಟವಾದದ್ದು ವೆಲ್ಲರ್ ಕಂಪನಿಯ ಮ್ಯಾಗ್ನಾಸ್ಟಾಟ್. ಟಿಪ್‌ನ ಹಿಂಬದಿಯಲ್ಲಿ ಒಂದು ತುಂಡು ಕಾಂತೀಯ ಲೋಹ. ನಿಗದಿತ ಶಾಖ ಮುಟ್ಟುತ್ತಲೇ ಅದು ತನ್ನ ಕಾಂತಗುಣ ಕಳೆದುಕೊಳ್ಳುತ್ತದೆ, ಒಳಗಿನ ಅಯಸ್ಕಾಂತ ಕಳಚಿ ಸ್ವಿಚ್ ಬಂದಾಗುತ್ತದೆ. ತಣಿದರೆ ಮತ್ತೆ ಅಂಟಿ ಸ್ವಿಚ್ ಶುರು. ಚಿಪ್ಪಿಲ್ಲ, ಸೆನ್ಸರಿಲ್ಲ, ಲೋಹದ ಸ್ವಭಾವವೇ ಕಾವಲು. ಆಮೇಲೆ ಸೆನ್ಸರ್ ಇರುವ ಸ್ಟೇಷನ್‌ಗಳು ಬಂದವು. ಜಪಾನಿನ ಹಾಕೋ 936 ಎಷ್ಟು ಜನಪ್ರಿಯವಾಯಿತೆಂದರೆ ಅದರ ಚೀನೀ ನಕಲುಗಳದ್ದೇ ಒಂದು ಸಂತತಿ ಬೆಳೆಯಿತು. ಶಾಖದ ಸುರುಳಿ, ಸೆನ್ಸರ್, ಟಿಪ್ ಮೂರೂ ಒಂದೇ ಕಡ್ಡಿಯಲ್ಲಿ ಸೇರಿದ ಟಿ12 ಮಾದರಿ ನಂತರದ ಹೆಜ್ಜೆ. ಹತ್ತು-ಹನ್ನೆರಡು ವರ್ಷಗಳಿಂದೀಚೆಗಿನ ಪೆನ್ನಿನಂಥ ಡಿಸಿ ಐರನ್‌ಗಳು ಇದೇ ತತ್ವದವು.

ನಮ್ಮ ಕಡೆ ಕೈಬೆಸುಗೆಯ ಸಂಸ್ಕೃತಿ ಬೆಳೆದದ್ದು ಸಾರ್ವಜನಿಕ ಕಾರ್ಖಾನೆಗಳ ಸುತ್ತ. 1948ರ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್), 1954ರ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಬೆಂಗಳೂರಿಗೆ ಬೆಸುಗೆ ಬಲ್ಲ ಕೈಗಳನ್ನು ಕೊಟ್ಟವು. ಅಲ್ಲಿ ದುಡಿದವರು, ಅವರಿಂದ ಕಲಿತವರು ಸಣ್ಣ ಊರುಗಳಲ್ಲಿ ರೇಡಿಯೋ ಅಂಗಡಿ ತೆರೆದರು. ‘25 ವಾಟ್ ಸಾಕು’ ಎಂಬ ಮಾತಿನ ಹಿಂದೆ ಈ ಇಡೀ ಪರಂಪರೆ ಇದೆ.

ಸಾದಾ ಐರನ್ನಿನ ಪಕ್ಷ

ಇನ್ನೂರು-ಮುನ್ನೂರು ರೂಪಾಯಿಯ 25 ವಾಟಿನ ಐರನ್ನಿನ ಪರ ಹೇಳುವುದು ಬಹಳವಿದೆ. ಹೊಸಬರಲ್ಲಿ ಹಲವರು ಒಂದೆರಡು ತಿಂಗಳಲ್ಲಿ ಬೇಸತ್ತು ಬಿಡುತ್ತಾರೆ. ದುಬಾರಿ ಸ್ಟೇಷನ್ ಕಪಾಟು ಸೇರುತ್ತದೆ. ಸಾದಾ ಐರನ್ನಿನಲ್ಲಿ ಕೆಡಲು ಏನೂ ಇಲ್ಲ: ಒಂದು ಸುರುಳಿ, ಒಂದು ಮೂತಿ, ಒಂದು ವೈರು. ಹಿಡಿತವಿಲ್ಲದ ಶಾಖದಲ್ಲಿ ಕಲಿತವರು ಲೋಹದ ಹೊಳಪು, ಹೊಗೆಯ ಬಣ್ಣ, ತಂತಿ ಕರಗುವ ವೇಗ ನೋಡಿಯೇ ಕಾವು ಅಳೆಯುವುದನ್ನು ಕಲಿಯುತ್ತಾರೆ. ರೆಸಿಸ್ಟರ್, ಟ್ರಾನ್ಸಿಸ್ಟರ್, ವೈರುಗಳನ್ನು ತೂತಿನ ಬೋರ್ಡಿಗೆ ಬೆಸೆಯಲು ಅದು ಧಾರಾಳ ಸಾಕು. ಈ ಪಕ್ಷವನ್ನು ಹಳೆಕಾಲದ್ದೆಂದು ತಳ್ಳಿಹಾಕುವವರು ನಮ್ಮ ಊರುಗಳ ಟಿ.ವಿ., ಟೇಪ್‌ರೆಕಾರ್ಡರುಗಳನ್ನು ದಶಕಗಟ್ಟಲೆ ಬದುಕಿಸಿದ್ದು ಇದೇ ಐರನ್ ಎಂಬುದನ್ನು ನೆನೆಯಬೇಕು.

ಆದರೆ ಈ ಪಕ್ಷ ಕಾಣದ ಒಂದು ಲೆಕ್ಕವಿದೆ. ಸಾದಾ ಐರನ್ನಿನ ಶಕ್ತಿ ವೋಲ್ಟೇಜಿನ ವರ್ಗದಂತೆ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 25 ವಾಟ್ ಕೊಡುವ ಐರನ್ 180 ವೋಲ್ಟಿನಲ್ಲಿ ಕೊಡುವುದು ಸುಮಾರು 15 ವಾಟ್ ಮಾತ್ರ. ವೋಲ್ಟೇಜ್ ಇಳಿದದ್ದು ಐದರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು, ಶಾಖ ಇಳಿದದ್ದು ಐದರಲ್ಲಿ ಎರಡು ಪಾಲು. ಟಿಪ್ ನೂರು ಡಿಗ್ರಿ ತಣ್ಣಗಾದರೂ ಆಶ್ಚರ್ಯವಿಲ್ಲ. ವೋಲ್ಟೇಜ್ 260ಕ್ಕೆ ಏರಿದರೆ ಅದೇ ಐರನ್ 32 ವಾಟಿನದ್ದಾಗಿ ಬೋರ್ಡಿನ ತಾಮ್ರದ ಪಟ್ಟಿಯನ್ನೇ ಎಬ್ಬಿಸುತ್ತದೆ. ಪೈಕಾರಾದ ನೀರಿನಿಂದ ಮಸಿನಗುಡಿ ಬಳಿಯ ಸಿಂಗಾರದಲ್ಲಿ 1930ರ ದಶಕದಿಂದಲೂ ವಿದ್ಯುತ್ತು ಹುಟ್ಟುತ್ತಿದೆ, ನಿಜ. ಎಸ್ಟೇಟಿನ ಕೊನೆಯ ಲೈನ್‌ಮನೆಗೆ ಸಂಜೆ ಏಳಕ್ಕೆ ಏನು ತಲುಪುತ್ತದೆ ಎಂಬುದು ಬೇರೆ ಮಾತು. ಹೊಸಬರಿಗೆ ಬಿಡುವು ಸಿಗುವುದೂ ಸಂಜೆ ಏಳಕ್ಕೇ. ತಂತಿ ಕರಗದೆ ಮುದ್ದೆಯಾದಾಗ ಅವರು ‘ನನ್ನ ಕೈಗೆ ಇದು ಹತ್ತುವುದಿಲ್ಲ’ ಎಂದುಕೊಳ್ಳುತ್ತಾರೆ. ಕೈಯ ತಪ್ಪು ಅಲ್ಲಿ ಏನೂ ಇರುವುದಿಲ್ಲ.

ಹಿಡಿತದ ಪಕ್ಷ

ಎದುರು ಪಕ್ಷದ ವಾದ ಇಲ್ಲಿಂದಲೇ ಶುರು. ಸೆನ್ಸರ್ ಇರುವ ಐರನ್ ವೋಲ್ಟೇಜ್ ಇಳಿದಾಗ ಹೆಚ್ಚು ಹೊತ್ತು ಉರಿದು ಸರಿದೂಗಿಸುತ್ತದೆ. ಅಗಲವಾದ ತಾಮ್ರದ ಹಾಳೆಗೆ ಮುಟ್ಟಿಸಿದಾಗ ಟಿಪ್ಪಿನ ಕಾವು ಹೀರಿಹೋಗುತ್ತದೆ. ಹಿಡಿತವಿರುವ ಐರನ್ ಅದನ್ನು ತಕ್ಷಣ ತುಂಬುತ್ತದೆ. ಡಯಲಿನಲ್ಲಿ ಕಾಣುವ ಅಂಕಿಗಿಂತ ಹೀಗೆ ತುಂಬಿಕೊಳ್ಳುವ ವೇಗವೇ ಮುಖ್ಯವೆಂದು ಈ ಪಕ್ಷದ ಅನುಭವಿಗಳು ಹೇಳುತ್ತಾರೆ. ಸರಿಯಾದ ಮಾತು. ಸೀಸದ ತಂತಿಗೆ 320ರಿಂದ 350 ಡಿಗ್ರಿ ಸೆಲ್ಸಿಯಸ್ ಸಾಕು. ‘ಬೇಗ ಆಗಲಿ’ ಎಂದು 450ಕ್ಕೆ ಏರಿಸಿದರೆ ಫ್ಲಕ್ಸ್ ಕೆಲಸ ಮಾಡುವ ಮೊದಲೇ ಸುಟ್ಟುಹೋಗುತ್ತದೆ.

ಇಲ್ಲಿ ಕೊಳ್ಳುವವರು ಒಂದು ಮೋಸಕ್ಕೆ ಬೀಳಬಾರದು. ಹಿಡಿಕೆಯಲ್ಲಿ ತಿರುಗಿಸುವ ಡಯಲ್ ಇರುವ 60 ವಾಟಿನ ಐರನ್ ಐದಾರು ನೂರು ರೂಪಾಯಿಗೆ ಎಲ್ಲೆಡೆ ಸಿಗುತ್ತದೆ. ಅವುಗಳಲ್ಲಿ ಹಲವಕ್ಕೆ ಸೆನ್ಸರೇ ಇಲ್ಲ. ಫ್ಯಾನಿನ ರೆಗ್ಯುಲೇಟರಿನಂತೆ ಶಕ್ತಿಯನ್ನು ಕತ್ತರಿಸುತ್ತವೆ, ಅಷ್ಟೆ. ಡಯಲಿನ ಮೇಲಿನ ಅಂಕಿ ಬರೀ ಅಂದಾಜು. ಆದರೂ ವೋಲ್ಟೇಜ್ ಕುಸಿಯುವ ಊರಿನಲ್ಲಿ 25 ವಾಟಿಗಿಂತ ಅದು ಮೇಲು, ಏಕೆಂದರೆ ಏರಿಸಲು ಕೈಯಲ್ಲಿ ಮಿಗತೆ ಇರುತ್ತದೆ. ಪೂರಾ ಸ್ಟೇಷನ್ ಕೊಳ್ಳುವವರು ಅದಕ್ಕೆ ಹೊಂದುವ ಟಿಪ್ ಸುಲಭವಾಗಿ ಸಿಗುತ್ತದೆಯೇ ಎಂದು ಮೊದಲು ನೋಡಬೇಕು. 936ರ ನಕಲುಗಳ ದೊಡ್ಡ ಗುಣ ಅದೇ; ಅವುಗಳ 900ಎಂ ಟಿಪ್ ಎಲ್ಲಿ ಬೇಕಾದರೂ ದೊರೆಯುತ್ತದೆ. ನಾಲ್ಕು ಟಿಪ್‌ಗಳನ್ನು ಒಟ್ಟಿಗೆ ತರಿಸಿಟ್ಟರೆ ಘಟ್ಟ ಇಳಿಯುವ ಒಂದು ದಿನ ಉಳಿಯುತ್ತದೆ. ಸೂಜಿಮೊನೆಯ ಟಿಪ್ ಹೊಸಬರನ್ನು ಸೆಳೆಯುತ್ತದೆ, ಕಾವನ್ನು ಮಾತ್ರ ಸರಿಯಾಗಿ ಸಾಗಿಸುವುದಿಲ್ಲ. ಎರಡು ಮಿಲಿಮೀಟರ್ ಆಸುಪಾಸಿನ ಉಳಿಯಾಕಾರದ ಟಿಪ್ ಒಂದಿದ್ದರೆ ಮುಕ್ಕಾಲು ಪಾಲು ಕೆಲಸ ಮುಗಿದಂತೆ.

ಬ್ಯಾಟರಿಯ ಪಕ್ಷ

ಮೂರನೆಯ ಗುಂಪಿನ ವಾದ ನೀಲಗಿರಿಗೆ ಹೇಳಿ ಮಾಡಿಸಿದಂತಿದೆ. ಟಿಎಸ್100, ಅದರ ನಂತರ 2020ರಲ್ಲಿ ಬಂದ ಪೈನ್‌ಸಿಲ್‌ನಂಥ ಐರನ್‌ಗಳು 12ರಿಂದ 24 ವೋಲ್ಟ್ ಡಿಸಿಯಲ್ಲಿ ನಡೆಯುತ್ತವೆ. ಸೆನ್ಸರ್ ಒಳಗೇ ಇದೆ. ಮಳೆಗಾಲದಲ್ಲಿ ಮರ ಬಿದ್ದು ಎರಡು ದಿನ ಕರೆಂಟ್ ಇಲ್ಲದಿದ್ದರೂ ಸೌರಫಲಕದ ಬ್ಯಾಟರಿಯಿಂದ ಕೆಲಸ ಸಾಗುತ್ತದೆ. ಕರ್ನಾಟಕದಲ್ಲಿ ಹರೀಶ್ ಹಂದೆ 1995ರಲ್ಲಿ ಸೆಲ್ಕೊ ಸಂಸ್ಥೆ ಶುರುಮಾಡಿದ ಮೇಲೆ ಹಳ್ಳಿಮನೆಯ 12 ವೋಲ್ಟ್ ಬ್ಯಾಟರಿ ಯಾರಿಗೂ ಅಪರಿಚಿತವಲ್ಲ.

ಆದರೆ ಇಲ್ಲೂ ಲೆಕ್ಕ ಹಾಕಬೇಕು. 8 ಓಮ್ ರೋಧದ ಟಿಪ್ಪಿಗೆ 12 ವೋಲ್ಟ್ ಕೊಟ್ಟರೆ ಸಿಗುವುದು 18 ವಾಟ್; 20 ವೋಲ್ಟ್ ಕೊಟ್ಟರೆ 50. ‘65 ವಾಟ್’ ಎಂದು ಪೆಟ್ಟಿಗೆಯ ಮೇಲೆ ಬರೆದದ್ದು 12 ವೋಲ್ಟ್ ಬ್ಯಾಟರಿಗೆ ಅನ್ವಯಿಸುವುದಿಲ್ಲ. ಸಣ್ಣ ಬೆಸುಗೆಗೆ 18 ವಾಟಿನಲ್ಲೂ ತೊಂದರೆಯಿಲ್ಲ, ಏಕೆಂದರೆ ಈ ಟಿಪ್‌ಗಳಲ್ಲಿ ಕಾವು ಮೂತಿಯ ಹತ್ತಿರವೇ ಹುಟ್ಟುತ್ತದೆ. ದಪ್ಪ ವೈರು, ಇನ್ವರ್ಟರಿನ ದೊಡ್ಡ ತಾಮ್ರಕ್ಕೆ ಅದು ಸಾಲದು. ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಬಳಸುವವರು ಅದರ ಪ್ಲಗ್ಗಿಗೆ ಮೂರನೇ ಪಿನ್, ಅಂದರೆ ಅರ್ತ್, ಇದೆಯೇ ನೋಡಿಕೊಳ್ಳಬೇಕು. ಎರಡೇ ಪಿನ್ನಿನ ಅಡಾಪ್ಟರಿನಿಂದ ಟಿಪ್ಪಿಗೆ ಸಣ್ಣ ಸೋರಿಕೆ ಬಂದು ನಾಜೂಕು ಚಿಪ್‌ಗಳಿಗೆ ಅಪಾಯವಾಗಬಹುದು. ಮೂರು ಪಕ್ಷಗಳಲ್ಲಿ ಇವತ್ತು ಯಾವುದು ಎಂದು ನನ್ನನ್ನು ಕೇಳಿದರೆ, ಬೆಟ್ಟದಲ್ಲಿರುವವರಿಗೆ ಕೈಗೆಟುಕಿದರೆ ಇದನ್ನೇ ಹೇಳುತ್ತೇನೆ.

ತಂತಿ: ಯಾರೂ ಕೇಳದ ಮುಖ್ಯ ಪ್ರಶ್ನೆ

ಈಗ ನನಗೆ ಹೆಚ್ಚು ಮುಖ್ಯವೆನಿಸುವ ಭಾಗ. ತವರ 62, ಸೀಸ 38ರ ಆಸುಪಾಸಿನಲ್ಲಿ ಬೆರೆತರೆ ಮಿಶ್ರಣ 183 ಡಿಗ್ರಿಯಲ್ಲಿ ಒಮ್ಮೆಲೇ ಕರಗಿ ಒಮ್ಮೆಲೇ ಗಟ್ಟಿಯಾಗುತ್ತದೆ. ಅಂಗಡಿಯ 63/37 ತಂತಿ ಇದು. 60/40 ಇದರ ತೀರಾ ಹತ್ತಿರದ ನೆಂಟ. ಗಟ್ಟಿಯಾಗುವ ಮುನ್ನ ಕೆಲವೇ ಡಿಗ್ರಿಗಳ ಮೆತ್ತನೆಯ ಹಂತ ಅದಕ್ಕಿದೆ. ತವರ ಇಳಿಸುತ್ತ ಹೋದರೆ ಈ ಮೆತ್ತನೆಯ ಹಂತ ಅಗಲವಾಗುತ್ತದೆ. 40/60 ತಂತಿ 183ಕ್ಕೆ ಮೆತ್ತಗಾಗಲು ಶುರುವಾಗಿ ಪೂರಾ ಕರಗುವುದು 238ರ ಸುಮಾರಿಗೆ. ಆ ನಡುವಿನ ಐವತ್ತು ಡಿಗ್ರಿಗೂ ಮಿಕ್ಕ ಹೊತ್ತಿನಲ್ಲಿ ಬಿಡಿಭಾಗ ಕೊಂಚ ಅಲುಗಿದರೆ ಒಳಗೆ ಬಿರುಕು. ರಿಪೇರಿಯವರು ‘ಡ್ರೈ ಸೋಲ್ಡರ್’ ಎನ್ನುವುದು ಇಂಥ ಬೆಸುಗೆಗೇ: ಮೇಲೆ ನೋಡಿದರೆ ಹಿಡಿದಂತಿರುತ್ತದೆ, ಒಳಗೆ ಕರೆಂಟ್ ಬಿಟ್ಟು ಬಿಟ್ಟು ಹರಿಯುತ್ತದೆ.

ತವರ ಸೀಸಕ್ಕಿಂತ ಹತ್ತು ಪಟ್ಟಿಗೂ ಮಿಕ್ಕಿ ದುಬಾರಿ. ಆದ್ದರಿಂದ ಅಗ್ಗದ ತಂತಿ ಎಂದರೆ ಬಹುಮಟ್ಟಿಗೆ ತವರ ಕಡಿಮೆ ಇರುವ ತಂತಿ. ಸುರುಳಿಯ ಮೇಲೆ 60/40 ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗೆ ಅಷ್ಟೇ ಇದೆಯೆಂದು ನಂಬಬೇಕಿಲ್ಲ. ಪರೀಕ್ಷೆ ಸುಲಭ. ಒಂದು ಹನಿ ಕರಗಿಸಿ ಆರಲು ಬಿಡಿ. ಒಳ್ಳೆಯ ತಂತಿ ಥಟ್ಟನೆ ಗಟ್ಟಿಯಾಗಿ ಕನ್ನಡಿಯ ಹೊಳಪು ತೋರುತ್ತದೆ. ತವರ ಕಡಿಮೆಯಾದದ್ದು ನಿಧಾನಕ್ಕೆ ಆರಿ, ಬೂದು ಬಣ್ಣದ ಮರಳುಮೈ ಪಡೆಯುತ್ತದೆ. ಸಂಜೆಯ ಇಳಿದ ವೋಲ್ಟೇಜಿನಲ್ಲಿ ಸಾದಾ ಐರನ್ನಿನ ಜತೆ ಇಂಥ ತಂತಿ ಸೇರಿತೆಂದರೆ ಯಾವ ಗುರುವಿನ ಶಿಷ್ಯನಿಗೂ ಬೆಸುಗೆ ಬಾರದು. ಐರನ್ನಿನಲ್ಲಿ ಇನ್ನೂರು ರೂಪಾಯಿ ಉಳಿಸಿ, ಆ ಇನ್ನೂರನ್ನು ತಂತಿಗೆ ಸೇರಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ. ಹೆಸರಾಂತ ತಯಾರಕರ 63/37, ಒಳಗೆ ರೋಸಿನ್ ತುಂಬಿದ್ದು, 22 ಗೇಜಿನದ್ದು, ಅಂದರೆ 0.7 ಮಿ.ಮೀ. ದಪ್ಪದ್ದು ತರಬೇಕು. 18 ಗೇಜಿನದು 1.2 ಮಿ.ಮೀ. ದಪ್ಪ, ವೈರಿಗೆ ಸರಿ, ಬೋರ್ಡಿಗೆ ಹೆಚ್ಚು ಸುರಿಯುತ್ತದೆ.

ಫ್ಲಕ್ಸ್ ಮತ್ತು ಮುಂಗಾರು

ಲೋಹದ ಮೇಲಿನ ಕಿಲುಬನ್ನು ಕಳೆದು ತವರ ಹರಡಲು ಹಾದಿ ಮಾಡಿಕೊಡುವುದು ಫ್ಲಕ್ಸ್. ಎಲೆಕ್ಟ್ರಾನಿಕ್ಸಿಗೆ ಹಳೆಯ, ನೆಚ್ಚಿನ ಫ್ಲಕ್ಸ್ ಎಂದರೆ ಪೈನ್ ಮರದ ಅಂಟಿನಿಂದ ಬರುವ ರೋಸಿನ್. ಅದು ಕಾದಾಗ ಆಮ್ಲದಂತೆ ವರ್ತಿಸುತ್ತದೆ, ಆರಿದಾಗ ಗಾಜಿನಂತೆ ಗಟ್ಟಿಯಾಗಿ ನೀರನ್ನು ದೂರವಿಡುತ್ತದೆ. ಈ ಎರಡನೆಯ ಗುಣ ಗೂಡಲೂರು, ದೇವಾಲಾ ಕಡೆಯವರಿಗೆ ಬಂಗಾರ. 2019ರ ಆಗಸ್ಟಿನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿ.ಮೀ.ಗೂ ಮಿಕ್ಕಿ ಮಳೆ ಸುರಿದ ಜಿಲ್ಲೆ ಇದು. ಬೋರ್ಡಿನ ಮೇಲೆ ಉಳಿದ ಕೊಳೆ ತೇವ ಹೀರಿದರೆ ಎರಡು ಪಟ್ಟಿಗಳ ನಡುವೆ ಸೋರಿಕೆ ಹುಟ್ಟುತ್ತದೆ, ಹಸಿರು ಕಿಲುಬು ಹಬ್ಬುತ್ತದೆ.

ಹಾರ್ಡ್‌ವೇರ್ ಅಂಗಡಿಯ ಪುಟ್ಟ ಡಬ್ಬಿಯ ‘ಸೋಲ್ಡರಿಂಗ್ ಪೇಸ್ಟ್’ ಬಗ್ಗೆ ಜಾಗ್ರತೆ ಬೇಕು. ಅವುಗಳಲ್ಲಿ ಕೆಲವು ಸತುವಿನ ಕ್ಲೋರೈಡ್ ಬೆರೆತ, ತಗಡು-ಕೊಳಾಯಿ ಕೆಲಸದವು. ಬೆಸುಗೆ ಅದ್ಭುತವಾಗಿ ಹಿಡಿಯುತ್ತದೆ, ಎರಡನೇ ಮಳೆಗಾಲಕ್ಕೆ ಬೋರ್ಡ್ ಸಾಯುತ್ತದೆ. ಮಸಿನಗುಡಿಯಲ್ಲಿ ನಡೆದದ್ದು ಗೂಡಲೂರಿನಲ್ಲಿ ನಡೆಯದಿರುವುದು ಇಲ್ಲಿಯೇ; ಒಂದು ಮಳೆನೆರಳಿನ ಬಯಲು, ಇನ್ನೊಂದು ಮಳೆಯ ಬಾಯಿ.

ತೊಳೆಯಬೇಕೆ, ಬೇಡವೆ ಎಂಬಲ್ಲೂ ಎರಡು ಪಕ್ಷ. ‘ನೋ-ಕ್ಲೀನ್’ ಫ್ಲಕ್ಸಿನ ತಯಾರಕರು ಉಳಿಕೆ ನಿರುಪದ್ರವಿ ಎನ್ನುತ್ತಾರೆ. ಅದು ಪೂರಾ ಕಾದು ಕೆಲಸ ಮುಗಿಸಿದ್ದರೆ ಮಾತ್ರ ಆ ಮಾತು ನಿಲ್ಲುತ್ತದೆ. ಹೊಸಬರ ಬೆಸುಗೆಯಲ್ಲಿ ಅರೆಬೆಂದ ಫ್ಲಕ್ಸ್ ಉಳಿಯುವುದೇ ಹೆಚ್ಚು. ನನ್ನ ಮತ ತೊಳೆಯುವ ಕಡೆಗೆ. ಐಸೋಪ್ರೊಪೈಲ್ ಆಲ್ಕೋಹಾಲ್, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಆದರೆ ಆಲ್ಕೋಹಾಲ್ ಆರುವಾಗ ಬೋರ್ಡನ್ನು ತಂಪು ಮಾಡುತ್ತದೆ, ಊಟಿಯ ಒದ್ದೆ ಗಾಳಿ ಆ ತಂಪಿನ ಮೇಲೆ ಇಬ್ಬನಿಯಾಗಿ ಕೂರುತ್ತದೆ. ತೊಳೆದ ಮೇಲೆ ಬೆಚ್ಚಗಿನ ಗಾಳಿಯಲ್ಲಿ ಒಣಗಿಸಬೇಕು. ಕೆಲಸ ಮುಗಿದಾಗ ಟಿಪ್ಪಿಗೆ ಒಂದು ಹನಿ ತವರ ಬಳಿದು ಆರಿಸುವ ಅಭ್ಯಾಸ ಎಲ್ಲೆಡೆಯೂ ಒಳ್ಳೆಯದು, ಇಲ್ಲಿ ಕಡ್ಡಾಯ. ಬರಿಯ ಕಬ್ಬಿಣದ ಲೇಪ ಮಂಜಿನ ತೇವಕ್ಕೆ ತುಕ್ಕು ಹಿಡಿಯುತ್ತದೆ.

ಸೀಸದ ವಾದ

ಯುರೋಪ್ ಒಕ್ಕೂಟ 2006ರ ಜುಲೈ 1ರಿಂದ ಬಹುಪಾಲು ಎಲೆಕ್ಟ್ರಾನಿಕ್ ಸರಕುಗಳಲ್ಲಿ ಸೀಸವನ್ನು 0.1 ಶೇಕಡಕ್ಕೆ ಮಿತಿಗೊಳಿಸಿತು. ಭಾರತದ ಇ-ತ್ಯಾಜ್ಯ ನಿಯಮಗಳು 2012ರಲ್ಲಿ ಜಾರಿಗೆ ಬಂದು ಅದೇ ಮಿತಿಯನ್ನು ತಂದವು. 2022ರ ಹೊಸ ನಿಯಮಗಳು 2023ರ ಏಪ್ರಿಲ್‌ನಿಂದ ನಡೆದಿವೆ. ಇವು ಕಟ್ಟುವುದು ತಯಾರಕರ ಕೈಯನ್ನು. ಮನೆಯಲ್ಲಿ ಕಲಿಯುವವರು ಸೀಸದ ತಂತಿ ಕೊಳ್ಳುವುದಕ್ಕೆ ಅಡ್ಡಿಯಿಲ್ಲ.

ಸೀಸದ ಪರ ನಿಲ್ಲುವವರು ಹೇಳುವುದು ಕಲಿಕೆಯ ಮಾತು. ಸೀಸರಹಿತ ಮಿಶ್ರಣಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಎಸ್‌ಎಸಿ305, ಅಂದರೆ ತವರದ ಜತೆ ಮೂರು ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರ, ಕರಗುವುದು 217ರ ಮೇಲೆ. ಹರಡುವುದು ನಿಧಾನ, ಟಿಪ್ ಸವೆಸುವುದು ಬೇಗ. ಎಲ್ಲಕ್ಕಿಂತ ಮುಖ್ಯವಾಗಿ, ಸರಿಯಾದ ಬೆಸುಗೆಯೂ ಮಂಕಾಗಿಯೇ ಕಾಣುತ್ತದೆ. ಹೊಳಪು ನೋಡಿ ಒಳಿತು-ಕೆಡುಕು ಗುರುತಿಸಲು ಕಲಿಯುವವರಿಗೆ ಆ ಗುರುತೇ ಇಲ್ಲವಾಗುತ್ತದೆ. ಬಾಹ್ಯಾಕಾಶದ ಎಲೆಕ್ಟ್ರಾನಿಕ್ಸ್ ಸೀಸವನ್ನು ಪೂರಾ ಬಿಡದಿರುವುದಕ್ಕೆ ಬೇರೆ ಕಾರಣ: ಬರಿ ತವರದಿಂದ ಕೂದಲಿನಂಥ ಎಳೆಗಳು ತಾವಾಗಿ ಬೆಳೆದು ಶಾರ್ಟ್ ಮಾಡುತ್ತವೆ, ಸೀಸ ಬೆರೆತರೆ ಅವು ಅಡಗುತ್ತವೆ. 1998ರಲ್ಲಿ ಗ್ಯಾಲಕ್ಸಿ-4 ಉಪಗ್ರಹ ಸತ್ತದ್ದಕ್ಕೆ ಅಂಥ ಎಳೆಗಳೇ ಕಾರಣವೆಂದು ಹೇಳಲಾಯಿತು.

ಎದುರು ಪಕ್ಷಕ್ಕೆ ಆರೋಗ್ಯದ ಬಲವಿದೆ. ಮಕ್ಕಳ ರಕ್ತದಲ್ಲಿ ಸೀಸಕ್ಕೆ ‘ಇಷ್ಟು ಸುರಕ್ಷಿತ’ ಎಂಬ ಮಟ್ಟವೇ ಗೊತ್ತಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ತುಪ್ಪಿಲ್ ವೆಂಕಟೇಶ್ ಕಟ್ಟಿ ಬೆಳೆಸಿದ ಸೀಸದ ರಾಷ್ಟ್ರೀಯ ಕೇಂದ್ರ ದಶಕಗಳಿಂದ ಇದನ್ನೇ ಸಾರುತ್ತಿದೆ. ಆದರೆ ಅಪಾಯ ಬರುವ ದಾರಿ ಹಲವರು ತಿಳಿದಂತೆ ಹೊಗೆಯಲ್ಲ. ಸೀಸ ಕುದಿಯುವುದು 1749 ಡಿಗ್ರಿಯಲ್ಲಿ. 350 ಡಿಗ್ರಿಯ ಟಿಪ್‌ನಿಂದ ಏಳುವ ಬಿಳಿ ಹೊಗೆ ಫ್ಲಕ್ಸಿನದು. ಸೀಸ ಒಳಹೋಗುವುದು ಬೆರಳಿನಿಂದ ಬಾಯಿಗೆ. ಕೈ ತೊಳೆಯದೆ ಬನ್ನು ತಿನ್ನುವುದು, ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವುದು ನಿಜವಾದ ಅಪಾಯ. ಇತ್ತ ರೋಸಿನ್ ಹೊಗೆ ಉಬ್ಬಸಕ್ಕೆ ಕಾರಣವಾಗಬಲ್ಲದೆಂಬುದು ಕಾರ್ಖಾನೆಗಳಲ್ಲಿ ಸಿದ್ಧವಾದ ಸಂಗತಿ. ಸೀಸರಹಿತ ತಂತಿಗೆ ಹೆಚ್ಚು ಕಾವು ಬೇಕಾದ್ದರಿಂದ ಈ ಹೊಗೆ ಕಡಿಮೆಯಾಗುವುದಿಲ್ಲ. ಊಟಿಯ ಚಳಿಗೆ ಕಿಟಕಿ ಬಿಗಿದು ಕೆಲಸ ಮಾಡುವವರು ಪುಟ್ಟ ಫ್ಯಾನನ್ನು ಹೊಗೆ ಎಳೆಯುವಂತೆ ಇಟ್ಟು, ಕಿಟಕಿಯನ್ನು ಕೊಂಚವಾದರೂ ತೆರೆಯಬೇಕು. ವಯಸ್ಕರು 63/37ರಲ್ಲಿ ಕಲಿಯಲಿ, ಮಕ್ಕಳಿರುವ ಮೇಜಿನಲ್ಲಿ ಸೀಸ ಬೇಡ ಎಂಬುದು ನನ್ನ ತೀರ್ಪು.

ಉಳಿದ ಸಾಮಾನು

ಇವುಗಳ ಬಗ್ಗೆ ಜಗಳ ಕಡಿಮೆ. ಭಾರವಾದ ಸ್ಟ್ಯಾಂಡ್, ಟಿಪ್ ಒರೆಸಲು ಹಿತ್ತಾಳೆಯ ಸುರುಳಿ, ಸೋಲ್ಡರ್ ಹೀರುವ ಪಂಪು, ತಾಮ್ರದ ಹೆಣಿಗೆಯ ವಿಕ್, ಚೂಪು ಕಟರ್, ವೈರ್ ಸ್ಟ್ರಿಪ್ಪರ್, ಕಣ್ಣಿಗೆ ಕನ್ನಡಕ. ಮಲ್ಟಿಮೀಟರ್ ಮಾತ್ರ ಐಚ್ಛಿಕವಲ್ಲ. ಐರನ್ನಿನ ಜತೆಗೇ ಬರಬೇಕು, ಮತ್ತು ಅದರ ಮೊದಲ ಕೆಲಸ ಸಂಜೆ ಏಳಕ್ಕೆ ಗೋಡೆಯ ಸಾಕೆಟ್ಟಿನ ವೋಲ್ಟೇಜ್ ಅಳೆಯುವುದಾಗಬೇಕು, ಬಲ್ಲವರು ಪಕ್ಕದಲ್ಲಿದ್ದಾಗ. ‘ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ’ ಎಂಬ ಕಿಟ್‌ಗಳಲ್ಲಿ ಐರನ್ ನಡೆಯುವಂಥದ್ದಿರುತ್ತದೆ, ತಂತಿಯೇ ಕೆಟ್ಟದ್ದಿರುತ್ತದೆ. ಆ ತಂತಿಯನ್ನು ಪಕ್ಕಕ್ಕಿಟ್ಟು ಬೇರೆ ತರಿಸಿ.

ಇನ್ನೂ ಇತ್ಯರ್ಥವಾಗದ್ದು

ಶಾಲೆಗಳ ಪ್ರಶ್ನೆ ಮೊದಲನೆಯದು. ನೀತಿ ಆಯೋಗದ ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳು 2016ರಿಂದ ಆರನೇ ತರಗತಿಯ ಮಕ್ಕಳಿಗೂ ಎಲೆಕ್ಟ್ರಾನಿಕ್ಸ್ ತಂದಿವೆ. ಹನ್ನೊಂದು ವರ್ಷದ ಮಗು ಹೊಳಪಿನ ಗುರುತಿಲ್ಲದ, ಹೆಚ್ಚು ಕಾವಿನ ಸೀಸರಹಿತ ಬೆಸುಗೆಯಲ್ಲಿ ಕಲಿಯಬೇಕೆ, ಸುಲಭವಾದ ಸೀಸದಲ್ಲಿ ಕೈ ತೊಳೆಯುವ ಶಿಸ್ತಿನೊಂದಿಗೆ ಕಲಿಯಬೇಕೆ? ಬಿಸ್ಮತ್ ಬೆರೆಸಿದ, 138 ಡಿಗ್ರಿಯಲ್ಲೇ ಕರಗುವ ಸೀಸರಹಿತ ಮಿಶ್ರಣ ಒಂದು ನಡುದಾರಿಯಂತೆ ಕಾಣುತ್ತದೆ. ಆದರೆ ಅದರ ಬೆಸುಗೆ ಪೆಡಸು, ಪೆಟ್ಟಿಗೆ ಬಿರಿಯುತ್ತದೆ.

ಎರಡನೆಯದು ನೋ-ಕ್ಲೀನ್ ಉಳಿಕೆ ವರ್ಷಗಟ್ಟಲೆ ಮಂಜಿನಲ್ಲಿ ಹೇಗೆ ಬಾಳುತ್ತದೆ ಎಂಬುದು. ಕಾರ್ಖಾನೆಯ ಪರೀಕ್ಷೆಗಳು ಸರಿಯಾಗಿ ಬೆಂದ ಫ್ಲಕ್ಸಿನ ಮೇಲೆ ನಡೆದವು, ಕಲಿಯುವವರ ಬೋರ್ಡಿನ ಮೇಲಲ್ಲ. ಮೂರನೆಯದು ಚಳಿಯದು. ಶುದ್ಧ ತವರ 13 ಡಿಗ್ರಿಗಿಂತ ಕೆಳಗೆ ನಿಧಾನವಾಗಿ ಬೂದು ಪುಡಿಯಾಗುವ ಸ್ವಭಾವದ್ದು. ಸೀಸ ಅದನ್ನು ತಡೆಯುತ್ತದೆ. ತವರ-ತಾಮ್ರದ ಸೀಸರಹಿತ ಮಿಶ್ರಣದಲ್ಲಿ ಶೂನ್ಯಕ್ಕಿಂತ ತುಂಬ ಕೆಳಗೆ ಇಟ್ಟಾಗ ಇದು ಕಂಡಿದೆ. ಊಟಿಯ ರಾತ್ರಿಗಳು 13ರ ಕೆಳಗೆ ಇಳಿಯುವುದು ಸಾಮಾನ್ಯ. ಅಷ್ಟು ಸೌಮ್ಯ ಚಳಿಯಲ್ಲಿ ಆಗಲಾರದೆಂಬುದು ಹೆಚ್ಚಿನವರ ಎಣಿಕೆ, ನನ್ನದೂ ಅದೇ. ಆದರೆ ಈಗಿನ ಸೀಸರಹಿತ ಬೋರ್ಡುಗಳಿಗೆ ಇನ್ನೂ ಇಪ್ಪತ್ತೇ ಚಿಲ್ಲರೆ ವರ್ಷ.

ಕೊನೆಯದು ಕಸ. 2000ದ ಸುಮಾರಿಗೇ ಪ್ಲಾಸ್ಟಿಕ್ ಚೀಲಗಳ ವಿರುದ್ಧ ‘ಆಪರೇಷನ್ ಬ್ಲೂ ಮೌಂಟನ್’ ನಡೆಸಿದ ಜಿಲ್ಲೆ ನೀಲಗಿರಿ. ಪಂಪಿನಿಂದ ಉದುರಿದ ಸೀಸದ ಚೂರು, ಸತ್ತ ಬೋರ್ಡು, ಕೆಟ್ಟ ಎಲ್‌ಇಡಿ ಡ್ರೈವರುಗಳು ಮನೆಯ ಮೇಜಿನಿಂದ ಎಲ್ಲಿಗೆ ಹೋಗಬೇಕು? ನಿಯಮಗಳು ತಯಾರಕರ ಹೊಣೆಯನ್ನು ಬರೆದಿವೆ. ತಾನೇ ಬೆಸೆದು, ತಾನೇ ಕೆಡಿಸಿ, ತಾನೇ ಕಲಿಯುವವರ ಡಬ್ಬಿಯಲ್ಲಿ ಕೂಡುವ ಹಿಡಿ ಸೀಸವನ್ನು ಘಟ್ಟದ ಮೇಲೆ ಯಾರು ತೆಗೆದುಕೊಳ್ಳುತ್ತಾರೆ, ಯಾವ ದಿನ, ಯಾವ ಜಾಗದಲ್ಲಿ ಎಂಬುದಕ್ಕೆ ಉತ್ತರ ಬೇಕಾಗಿದೆ.